ನಾಲ್ಕನೆಯ ಏಟು

ನನ್ನ ಮಾವನನ್ನು ಕಟ್ಟಡ ಕೆಲಸದವರೆಲ್ಲ ‘ಕಿವಿ ಮೇಷ್ಟ್ರು’ ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮನೆಗಳ ಮಾಡಿಗೆ ಸ್ಲೇಟು ಕಲ್ಲು ಹೊದಿಸುವುದು ಅವರ ಕಸುಬು. ಚಿಕ್ಕಂದಿನಲ್ಲಿ ನಾವು ಬಳಪದಿಂದ ಬರೆದು ಎಂಜಲು ಹಚ್ಚಿ ಒರೆಸುತ್ತಿದ್ದೆವಲ್ಲ, ಅದೇ ಕಲ್ಲು. ಮಾಡಿಗೆ ಹಾಕುವುದು ಅದಕ್ಕಿಂತ ಸ್ವಲ್ಪ ದಪ್ಪ, ಮರದ ಚೌಕಟ್ಟಿಲ್ಲ, ಮೇಲ್ತುದಿಯಲ್ಲಿ ಮೊಳೆಗೆಂದು ಎರಡು ತೂತು. ಗಣಿಯಿಂದ ಲಾರಿ ಬಂದ ದಿನ ಮಾವ ಒಂದು ಮಣೆ ಹಾಕಿಕೊಂಡು ಕೂತರೆ ಮುಗಿಯಿತು, ಊಟಕ್ಕೂ ಏಳುತ್ತಿರಲಿಲ್ಲ. ಒಂದೊಂದೇ ಕಲ್ಲನ್ನು ಎಡಗೈಯ ಎರಡು ಬೆರಳಲ್ಲಿ ತೂಗಾಡುವ ಹಾಗೆ ಹಿಡಿದು ಬಲಗೈಯ ಗೆಣ್ಣಿನಿಂದ ಕುಟ್ಟುತ್ತಿದ್ದರು. ಟಣ್ ಎಂದರೆ ಬಲಕ್ಕೆ, ದಬ್ ಎಂದರೆ ಎಡಕ್ಕೆ. ಕಲ್ಲಿನೊಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಅದು ದಬ್ ಎನ್ನುತ್ತದಂತೆ. ನನಗೆ ಮಾತ್ರ ಎಲ್ಲವೂ ಟಣ್ ಎಂದೇ ಕೇಳಿಸುತ್ತಿತ್ತು.

ನಾನು ಬಡಗಿ. ಮದುವೆಯಾಗಿ ಒಂಬತ್ತು ವರ್ಷ. ಅದರಲ್ಲಿ ಏಳು ವರ್ಷ ಮೇಜು ಕುರ್ಚಿ ಮಾಡುವ ಕಾರ್ಖಾನೆಯಲ್ಲಿದ್ದೆ. ಅದು ಮುಚ್ಚಿದಾಗ ಹೆಂಡತಿ, “ಸುಮ್ನೆ ಕೂತು ಗೋಡೆ ನೋಡೋ ಬದಲು ಅಪ್ಪನ ಜೊತೆ ಹೋಗಿ,” ಎಂದಳು. ಮಾವ ಬೇಡ ಎನ್ನಲಿಲ್ಲ. ಆದರೆ ಎರಡು ವರ್ಷ ನನ್ನನ್ನು ಕಲ್ಲಿನ ಹತ್ತಿರ ಬಿಟ್ಟುಕೊಳ್ಳಲೂ ಇಲ್ಲ. ಕಲ್ಲು ಕೂರಿಸಲು ಮಾಡಿನ ಉದ್ದಕ್ಕೂ ಮರದ ಪಟ್ಟಿ ಬಡಿಯಬೇಕು, ಅದಕ್ಕೆ ರೀಪು ಎನ್ನುತ್ತಾರೆ. ಎರಡು ವರ್ಷ ನಾನು ರೀಪು ಬಡಿದೆ, ಮಾವ ಕಲ್ಲು ಹೊದಿಸಿದರು. ಯಾರಾದರೂ ಕೇಳಿದರೆ, “ನಮ್ಮ ಅಳಿಯ, ಮರದ ಕೆಲಸ ನೋಡ್ಕೋತಾನೆ,” ಎನ್ನುತ್ತಿದ್ದರು. ಹೇಳುವ ಧಾಟಿಯಲ್ಲಿ ತಪ್ಪೇನೂ ಇರುತ್ತಿರಲಿಲ್ಲ. ಆದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಸ್ವಭಾವವೇ ಅಷ್ಟು, ಒಳ್ಳೆಯ ಮಾತಿನಲ್ಲೂ ಮುಳ್ಳು ಹುಡುಕುತ್ತೇನೆ.

ಈ ವರ್ಷ ಅವರ ಬಲಮೊಣಕಾಲು ಕೈಕೊಟ್ಟಿತು. ಏಣಿಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಮುಖ ಬಿಳುಚಿಕೊಂಡು ಇಳಿದುಬಿಟ್ಟರು. ಆಗ ಕೈಯಲ್ಲಿದ್ದದ್ದು ನಿವೃತ್ತ ನರ್ಸಮ್ಮ ಒಬ್ಬರ ಮನೆ. ಬೀದಿಯ ಮೂಲೆಯಲ್ಲಿ ಎರಡಂತಸ್ತು, ಎರಡೂ ಕಡೆ ಇಳಿಜಾರಿನ ಮಾಡು. ಬೇರೆ ದಾರಿಯಿಲ್ಲದೆ ಮಾವ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. ಕಲ್ಲು ಆರಿಸಿ ತೂತು ಹೊಡೆದು ಕೊಡುವುದು ಅವರು, ಮೇಲೆ ಕೂತು ಮೊಳೆ ಹೊಡೆಯುವುದು ನಾನು.

“ಒಂದು ಮೊಳೆಗೆ ಮೂರೇ ಏಟು,” ಎಂದರು. “ಮೂರನೇದು ಸುಮ್ನೆ ಮುಟ್ಟಿದ ಹಾಗಿರ್ಬೇಕು. ಮೊಳೆಯ ತಲೆ ಕಲ್ಲನ್ನ ಒತ್ತಬಾರದು. ಗೂಟಕ್ಕೆ ಅಂಗಿ ನೇತುಹಾಕ್ತೀವಲ್ಲ, ಹಾಗೆ ಕಲ್ಲು ಮೊಳೆಗೆ ನೇತಾಡ್ತಿರ್ಬೇಕು. ತಿಳೀತಾ?”

ತಿಳಿಯಿತು ಎಂದೆ. ಯಾಕೆ ಹಾಗೆ ಎಂದು ಕೇಳಲಿಲ್ಲ. ಮೊಳೆ ಹೊಡೆಯುವುದನ್ನು ಬಡಗಿಗೆ ಹೇಳಿಕೊಡುತ್ತಿದ್ದಾರಲ್ಲ ಎಂಬ ಉರಿಯಲ್ಲಿ ಪ್ರಶ್ನೆ ಹೊಳೆಯಲೇ ಇಲ್ಲ.

ಮಾಡನ್ನು ಕೆಳಗಿನ ಅಂಚಿನಿಂದ ಮೇಲಕ್ಕೆ ಹೊದಿಸುತ್ತಾ ಹೋಗಬೇಕು, ಪ್ರತಿ ಸಾಲು ಕೆಳಗಿನ ಸಾಲಿನ ಮೊಳೆಗಳನ್ನು ಮುಚ್ಚುತ್ತದೆ. ಮೊದಲ ವಾರ ಎರಡೂ ಕಡೆ ನಾಲ್ಕು ನಾಲ್ಕು ಸಾಲು ಹಾಕಿದೆ, ಮೂರೇ ಏಟಿನಂತೆ. ವಾರದ ಕೊನೆಗೆ ಒಂದು ಸಂಜೆ ಜೋರು ಗಾಳಿ ಎದ್ದು, ಕಲ್ಲುಗಳು ಒಂದಕ್ಕೊಂದು ತಾಗಿ ಕಟಕಟ ಎಂದವು. ನರ್ಸಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏನಪ್ಪಾ ಅದು? ಚಳಿಜ್ವರ ಬಂದೋರು ಹಲ್ಲು ಕಡಿದ ಹಾಗೆ ಕೇಳಿಸ್ತಿದೆ! ಸರಿಯಾಗಿ ಕೂರಿಸಿದ್ದೀಯ ತಾನೆ?” ಎಂದರು.

ಕಾರ್ಖಾನೆಯಲ್ಲಿ ಕುರ್ಚಿಯ ಒಂದು ಕಾಲು ಅಲ್ಲಾಡಿದರೆ ಮೇಲ್ವಿಚಾರಕ ಅದನ್ನು ಎಲ್ಲರ ಮುಂದೆ ತಲೆಕೆಳಗು ಮಾಡಿ ಮೇಜಿನ ಮೇಲಿಡುತ್ತಿದ್ದ. ಏಳು ವರ್ಷದಲ್ಲಿ ನನ್ನ ಒಂದು ಕುರ್ಚಿಯೂ ಆ ಮೇಜು ಹತ್ತಿರಲಿಲ್ಲ. ಮಾರನೆಯ ದಿನ ಐದನೆಯ ಸಾಲಿನ ಮೊದಲ ಕಲ್ಲಿಗೆ ನಾಲ್ಕನೆಯ ಏಟು ಹಾಕಿದೆ. ಅಷ್ಟೇ, ಒಂದೇ ಏಟು ಹೆಚ್ಚು. ತಾಮ್ರದ ಮೊಳೆಯ ತಲೆ ಕಲ್ಲಿಗೆ ಅಂಟಿ ಕೂತಿತು. ಕೈಯಿಂದ ಅಲ್ಲಾಡಿಸಿ ನೋಡಿದೆ, ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಆ ದಿನ ಎರಡು ಸಾಲು ಹೆಚ್ಚಿಗೆ ಮುಗಿಸಿದೆ.

ಮಧ್ಯಾಹ್ನ ಕೆಳಗಿನಿಂದ ಮಾವ ಕೂಗಿದರು: “ಏನೋ, ರೀಪು ಗಟ್ಟಿಯಿದೆಯಾ?”

“ಹೌದು ಮಾವ, ಈ ಮರ ಸ್ವಲ್ಪ ಗಟ್ಟಿ,” ಎಂದೆ. ಅವರು ಮುಂದಿನ ಕಲ್ಲಿಗೆ ತೂತು ಹೊಡೆಯತೊಡಗಿದರು.

ಐದು ವಾರದಲ್ಲಿ ಕೆಲಸ ಮುಗಿಯಿತು. ಎಷ್ಟು ಗಾಳಿ ಬೀಸಿದರೂ ಮಾಡು ತುಟಿ ಪಿಟಕ್ಕೆನ್ನಲಿಲ್ಲ. ನರ್ಸಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಮಾವ ಬೀದಿಯ ಆಚೆ ಬದಿಯಲ್ಲಿ ನಿಂತು ಬಹಳ ಹೊತ್ತು ನೋಡಿ, “ಸಾಲು ನೆಟ್ಟಗಿದೆ,” ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ಮೂರು ತಿಂಗಳು ಕಳೆದ ಮೇಲೆ ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿಯ ದಿನಗಳು ಬಂದವು. ಒಂದು ಬೆಳಿಗ್ಗೆ ನರ್ಸಮ್ಮನ ಹೂವಿನ ಕುಂಡದ ಮೇಲೆ ಒಂದು ಕಲ್ಲು ಬಿತ್ತು. ಎರಡು ದಿನ ಬಿಟ್ಟು ಮತ್ತೆರಡು. ವಾರದೊಳಗೆ ಹನ್ನೊಂದು. ನಾವು ಹೋದಾಗ ಅವರು ಚೂರುಗಳನ್ನು ಬಕೆಟ್ಟಿನಲ್ಲಿ ತುಂಬಿಟ್ಟಿದ್ದರು. ಬೈಯಲಿಲ್ಲ. “ಮೇಷ್ಟ್ರೇ, ನನ್ನ ತಲೆ ಮೇಲೆ ಬಿದ್ದಿದ್ರೆ ನಾನೇ ನನಗೆ ಹೊಲಿಗೆ ಹಾಕ್ಕೋಬೇಕಾಗಿತ್ತು,” ಎಂದು ನಕ್ಕರು. ಮಾವ ನಗಲಿಲ್ಲ. ಬಕೆಟ್ಟಿನ ಪಕ್ಕ ಕೂತು ಚೂರುಗಳನ್ನು ಒಂದಕ್ಕೊಂದು ಜೋಡಿಸಲು ನೋಡಿದರು. ಬಿದ್ದ ರಭಸಕ್ಕೆ ಎಲ್ಲ ಪುಡಿಪುಡಿ, ಯಾವುದೂ ಕೂಡಲಿಲ್ಲ.

“ಬಿರುಕು ಮೊದಲೇ ಇತ್ತು,” ಎಂದರು. “ನನಗೆ ಕೇಳಿಸಿಲ್ಲ.”

ನಾನು ಮೇಲೆ ಹತ್ತಿದೆ. ಕಲ್ಲಿನ ಕೆಳಗೆ ತೂರಿಸಿ ಮೊಳೆ ಕೀಳಲು ಉದ್ದನೆಯ ಚಪ್ಪಟೆ ಕಬ್ಬಿಣವೊಂದಿದೆ, ತುದಿಯಲ್ಲಿ ಕೊಕ್ಕೆ. ಅದರಿಂದ ಬಿರುಕುಬಿಟ್ಟ ಒಂದು ಕಲ್ಲನ್ನು ಬಿಡಿಸಿ ತೆಗೆದೆ. ಬಿರುಕು ಮೊಳೆಯ ತೂತಿನಿಂದ ಹೊರಟಿತ್ತು. ಇನ್ನೊಂದು ತೆಗೆದೆ, ಅದರಲ್ಲೂ ತೂತಿನಿಂದಲೇ. ಕೆಳಗಿನ ನಾಲ್ಕು ಸಾಲಿಗೆ ಇಳಿದು ಒಂದೊಂದೇ ಕಲ್ಲಿನ ಮೇಲೆ ಕೈಯಾಡಿಸಿದೆ, ಎರಡೂ ಕಡೆ. ಒಂದಕ್ಕೂ ಏನೂ ಆಗಿರಲಿಲ್ಲ. ಐದನೆಯ ಸಾಲಿನಿಂದ ಮೇಲಕ್ಕೆ ನಾಲ್ಕೈದಕ್ಕೆ ಒಂದರಂತೆ ಸೀಳು. ಅದೇ ಲಾರಿಯ ಕಲ್ಲು, ಅದೇ ಮಾವ ಕುಟ್ಟಿ ಆರಿಸಿದ್ದು. ಬಿಸಿಲಿಗೂ ಚಳಿಗೂ ಕೆಳಗಿನ ಮರ ಹಿಗ್ಗಿ ಕುಗ್ಗುತ್ತದೆ. ನೇತಾಡುವ ಕಲ್ಲು ಅದರ ಜೊತೆ ಅಷ್ಟಿಷ್ಟು ಸರಿದು ಸುಮ್ಮನಾಗುತ್ತದೆ, ಬಿಗಿದ ಕಲ್ಲು ಸರಿಯಲಾಗದೆ ಸೀಳುತ್ತದೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಗೆ ಉತ್ತರ ಮಾಡಿನ ಮೇಲೆ ಕೂತಾಗ ತಾನಾಗಿಯೇ ಸಿಕ್ಕಿತು.

ತೆಗೆದ ಕಲ್ಲುಗಳನ್ನು ಮೇಲೆಯೇ ಬಿಟ್ಟು ಇಳಿದು ಬಂದಾಗ ಮಾವ ಏಣಿಯ ಬುಡದಲ್ಲೇ ನಿಂತಿದ್ದರು. “ಎಲ್ಲಿಂದ ಒಡೆದಿದೆ?” ಎಂದು ಕೇಳಿದರು.

“ಎಲ್ಲೆಲ್ಲೋ ಒಡೆದಿದೆ ಮಾವ.”

ಆ ಮಾತು ಬಾಯಿಂದ ಹೇಗೆ ಹೊರಬಿತ್ತೋ ನನಗೇ ಗೊತ್ತಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು, ಕಲ್ಲು ಕೆಳಗೆ ಬೀಳದ ಹಾಗೆ ಮಾಡಿನ ಅಂಚಿಗೆ ಬಲೆ ಕಟ್ಟಿ ಬಂದೆ. ಊರಿನ ಹಳೆಯ ಗ್ರಂಥಾಲಯದ ಮಾಡನ್ನು ಪೂರ್ತಿ ಬದಲಿಸುವ ಕೆಲಸ ಆ ತಿಂಗಳು ಮಾವನಿಗೆ ಬರುವುದಿತ್ತು. ಅದಕ್ಕಾಗಿ ಅವರು ಆರು ವರ್ಷ ಕಾದಿದ್ದರು. ಅದರಲ್ಲಿ ಮೊಳೆ ಹೊಡೆಯುವುದು ನಾನೇ ಎಂದು ನಾಲ್ಕು ಜನರ ಮುಂದೆ ಹೇಳಿಯೂ ಇದ್ದರು. ನಿಜ ಹೇಳಿದರೆ ನಾನು ಮತ್ತೆ ರೀಪು ಬಡಿಯುವವನು. ಮಾರನೆಯ ದಿನ ಹೇಳುವುದು ಇನ್ನೂ ಕಷ್ಟವಾಯಿತು, ಅದರ ಮಾರನೆಯ ದಿನ ಮತ್ತೂ ಕಷ್ಟವಾಯಿತು.

ಅಷ್ಟರಲ್ಲಿ ಮಾವ ಕಿವಿ ಡಾಕ್ಟರ ಹತ್ತಿರ ಹೋಗಿಬಂದರು. ಹೆಂಡತಿ ಜೊತೆಗೆ ಹೋಗಿದ್ದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಏನೋ ಹಾಕಿ, ಶಬ್ದ ಕೇಳಿಸಿದಾಗಲೆಲ್ಲ ಕೈಯೆತ್ತಿ ಎಂದರಂತೆ. ವಯಸ್ಸಿಗೆ ತಕ್ಕ ಹಾಗೆ ಸ್ವಲ್ಪ ಕಡಿಮೆಯಾಗಿದೆ, ಗಾಬರಿಪಡುವಂಥದ್ದೇನಿಲ್ಲ ಎಂದು ಬರೆದುಕೊಟ್ಟರು. “ಅರವತ್ತೇಳಕ್ಕೆ ಎಲ್ರಿಗೂ ಅಷ್ಟೇ ಅಪ್ಪ,” ಎಂದು ಅವಳು ಹತ್ತು ಸಲ ಹೇಳಿದಳು. ಮಾವ ಆ ಚೀಟಿಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಯಾರು ಬಂದರೂ ತೆಗೆದು ತೋರಿಸತೊಡಗಿದರು. ‘ಸ್ವಲ್ಪ’ ಎಂಬಲ್ಲಿ ಉಗುರಿನಿಂದ ಗೀರು ಹಾಕಿದ್ದರು.

ಆಮೇಲೆ ನಡಿಗೆ ಶುರುವಾಯಿತು. ಬೆಳಿಗ್ಗೆ ತಿಂಡಿ ತಿಂದು ಕೋಲು ಹಿಡಿದು ಹೊರಡುವರು, ಮಧ್ಯಾಹ್ನಕ್ಕೆ ಕುಂಟುತ್ತಾ ಬರುವರು. ಎಲ್ಲಿಗೆ ಎಂದು ಕೇಳಿದರೆ, “ಇಲ್ಲೇ,” ಎನ್ನುವರು. ಎಲ್ಲಿಗೆಂದು ನನಗೆ ಬೇಕರಿಯವನಿಂದ ಗೊತ್ತಾಯಿತು. ಕಳೆದ ಐದಾರು ವರ್ಷದಲ್ಲಿ ಹೊದಿಸಿದ ಮನೆಗಳ ಮುಂದೆಲ್ಲ ಹೋಗಿ ನಿಂತು, ಕತ್ತೆತ್ತಿ ಮಾಡು ನೋಡುತ್ತಾರಂತೆ. ಬಾಗಿಲು ತಟ್ಟಿ, “ಮೇಲಿಂದ ಏನಾದ್ರೂ ಬಿದ್ರೆ ಹೇಳಿಕಳಿಸಿ, ಮಕ್ಕಳನ್ನ ಮಾಡಿನ ಕೆಳಗೆ ಆಡೋಕೆ ಬಿಡಬೇಡಿ,” ಎನ್ನುತ್ತಾರಂತೆ. ತನ್ನ ಅಂಗಡಿಗೂ ಬಂದಿದ್ದರು ಎಂದು ಬೇಕರಿಯವನು ಹೇಳಿದ. “ಮೇಷ್ಟ್ರಿಗೆ ಏನಾಗಿದೆ? ನನ್ನ ಮಾಡು ಗುಂಡುಕಲ್ಲಿನ ಹಾಗಿದೆ. ಇವರು ನೋಡಿದರೆ ನನ್ನನ್ನೇ ಹೆದರಿಸ್ತಾರೆ,” ಎಂದ. ನಾನು ಬ್ರೆಡ್ಡು ತೆಗೆದುಕೊಂಡು ಬಂದೆ.

ಮನೆಯಲ್ಲಿ ಇನ್ನೂ ವಿಚಿತ್ರ. ಮಾವ ಕೇಳಿಸಿದ ಮಾತಿಗೂ “ಏನು?” ಎನ್ನತೊಡಗಿದರು. ಅಡುಗೆಮನೆಯಲ್ಲಿ ಚಮಚ ಬಿದ್ದರೆ ಯಾವ ಚಮಚ ಎಂದು ಹೇಳುತ್ತಿದ್ದ ಮನುಷ್ಯ ಟೀವಿಯ ಧ್ವನಿ ಹೆಚ್ಚಿಸಿ, ಮುಂದಕ್ಕೆ ಬಾಗಿ, ಕೈಯನ್ನು ಕಿವಿಗೆ ಅಡ್ಡ ಹಿಡಿದು ನೋಡುವರು. ಹೆಂಡತಿ ಅವರ ಹತ್ತಿರ ಕೂಗಿ ಮಾತಾಡತೊಡಗಿದಳು. ಅವರು ಅದನ್ನು ಒಪ್ಪಿಕೊಂಡು ತಲೆಯಾಡಿಸುವರು. ಕಿವಿ ಸರಿಯಿರುವ ಒಬ್ಬರು ಮನೆಯೊಳಗೆ ಕಿವುಡರಾಗುವುದನ್ನು ನಾನು ತಟ್ಟೆಯ ಮುಂದೆ ಕೂತು ನೋಡಿದೆ. ಊಟ ಸೇರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಸೇರುತ್ತಿತ್ತು. ಅದಕ್ಕೇ ಹೆಚ್ಚು ನಾಚಿಕೆ.

ಗ್ರಂಥಾಲಯದವರು ಬಂದರು. ಮಾವ ಅವರಿಗೂ ಚೀಟಿ ತೋರಿಸಿ, “ಸಾವಿರಾರು ಕಲ್ಲಿನ ಕೆಲಸ, ಕೆಳಗೆ ಜನ ಓದ್ತಾ ಕೂತಿರ್ತಾರೆ. ಬೇರೆಯವರಿಗೆ ಕೊಡಿ,” ಎಂದರು. ಅವರು ಬೇಜಾರು ಮಾಡಿಕೊಂಡೇ ಎದ್ದರು. ನಾಲ್ಕು ದಿನಕ್ಕೆ ಬೇರೆಯವರಿಗೆ ಕೊಟ್ಟ ಸುದ್ದಿ ಬಂತು.

ಸುದ್ದಿ ಬಂದ ಸಂಜೆ ನಾನು ಹಿತ್ತಲಿಗೆ ಹೋದಾಗ ಮಾವ ಕಲ್ಲಿನ ರಾಶಿಯ ಹತ್ತಿರ ಮಗಳನ್ನು ನಿಲ್ಲಿಸಿಕೊಂಡಿದ್ದರು. ಒಂದು ಕಲ್ಲು ಎತ್ತಿ ಕುಟ್ಟಿದರು.

“ಹೇಗೆ ಕೇಳಿಸ್ತು ನಿನಗೆ?”

“ಚೆನ್ನಾಗೇ ಇದೆ ಅಪ್ಪ!” ಎಂದು ಅವಳು ಕೂಗಿದಳು.

“ನನಗೂ ಚೆನ್ನಾಗೇ ಕೇಳಿಸ್ತು,” ಎಂದರು ಮಾವ. “ಅದೇ ತೊಂದರೆ.” ಕಲ್ಲನ್ನು ಯಾವ ಕಡೆ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು.

ನನ್ನಿಂದ ಇನ್ನು ತಡೆಯಲಾಗಲಿಲ್ಲ. “ಮಾವ, ತಪ್ಪು ಕಲ್ಲಿನದ್ದಲ್ಲ,” ಎಂದೆ. “ನಾನು ಮೊಳೆ ಬಿಗಿಯಾಗಿ ಹೊಡೆದೆ. ಅದಕ್ಕೇ ಒಡೆದದ್ದು.”

“ಏನು?”

ಮತ್ತೆ ಹೇಳಿದೆ, ಜೋರಾಗಿ. ಮಾವ ನನ್ನನ್ನೇ ನೋಡಿದರು. ಬೈಗುಳಕ್ಕೆ ಕಾದು ನಿಂತೆ. ಅವರ ಮುಖ ನಿಧಾನವಾಗಿ ಸಡಿಲವಾಯಿತು. ಕಲ್ಲು ಕೆಳಗಿಟ್ಟು ಹತ್ತಿರ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು.

“ಬೇಡಪ್ಪ,” ಎಂದರು. “ನನ್ನ ಮರ್ಯಾದೆ ಉಳಿಸೋಕೆ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೋಬೇಡ. ನಿನ್ನ ಬಗ್ಗೆ ನಾನು ಇಷ್ಟು ದಿನ ಬೇರೇನೇ ತಿಳ್ಕೊಂಡಿದ್ದೆ.” ಮಗಳ ಕಡೆ ತಿರುಗಿದರು. “ನೋಡೇ, ಹೊಟ್ಟೆಯಲ್ಲಿ ಹುಟ್ಟಿದೋರೂ ಹೀಗೆ ಮಾಡಲ್ಲ.”

ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಹೆಂಡತಿ ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ಮದುವೆಯ ದಿನವೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ನಾನು ಹೇಳುವುದನ್ನು ಹೇಳಿಯಾಗಿತ್ತು, ಅವರು ನಂಬದಿದ್ದರೆ ನನ್ನ ತಪ್ಪೇ? ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದರೆ ಸಾಕಾಗಿತ್ತು. ಹಾಗೆ ನಿಲ್ಲಬೇಕೆಂದೂ ಅನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಕೈಯ ಬಿಸಿ ಬೆನ್ನಿಗೆ ತಾಗುತ್ತಿದ್ದಂತೆ ಅಳು ಬಂದ ಹಾಗಾಯಿತು.

“ನಾಲ್ಕು ಏಟು ಮಾವ,” ಎಂದೆ. ಈ ಸಲ ಕೂಗಲಿಲ್ಲ. “ನೀವು ಮೂರು ಅಂದಿರಿ. ಐದನೇ ಸಾಲಿಂದ ಪ್ರತಿ ಮೊಳೆಗೂ ನಾಲ್ಕು ಹೊಡೆದೆ. ಮರ ಗಟ್ಟಿಯೇನೂ ಇರಲಿಲ್ಲ.”

ಬೆನ್ನ ಮೇಲಿನ ಕೈ ಸರಿಯಿತು.

“ನಾಲ್ಕು,” ಎಂದರು ಮಾವ. “ನನಗೆ ನಾಲ್ಕೇ ಕೇಳಿಸ್ತಿತ್ತು. ದಿನಾ ಎಣಿಸ್ತಿದ್ದೆ. ಮರ ಗಟ್ಟಿ ಅಂದೆಯಲ್ಲ ಅಂತ ಸುಮ್ಮನಾದೆ.”

ಅವರು ಮಣೆಯ ಮೇಲೆ ಕೂತರು. ಕೆಳಗಿಟ್ಟ ಕಲ್ಲನ್ನು ಎತ್ತಿ ಕುಟ್ಟಿ ಬಲಕ್ಕಿಟ್ಟರು. ಇನ್ನೊಂದನ್ನು ಎತ್ತಿ ಕುಟ್ಟಿ ಎಡಕ್ಕಿಟ್ಟರು. ಎಡಕ್ಕಿಟ್ಟದ್ದನ್ನು ನೆಲಕ್ಕೆ ಬಡಿದರು, ಅದು ನಡುವಿಗೆ ನೇರ ಎರಡಾಯಿತು. ಒಡೆದ ಅಂಚಿನಲ್ಲಿ ಹಳೆಯ ಬಿರುಕಿನ ಕಂದು ಗೆರೆಯಿತ್ತು. ಮಾವ ಆ ತುಂಡನ್ನು ಹಿಡಿದುಕೊಂಡು ಅತ್ತರು. ಅವರು ಅಳುವುದನ್ನು ನಾನು ನೋಡಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಕುಕ್ಕರಿಸಿ, “ಅಪ್ಪಾ, ಏನಾಯ್ತಪ್ಪಾ?” ಎಂದು ಕೂಗಿದಳು.

“ಕೂಗಬೇಡ್ವೇ, ಕಿವಿ ನೋಯುತ್ತೆ,” ಎಂದರು.

ನನಗೂ ಅವಳಿಗೂ ನಗು ಬಂತು. ಎಲ್ಲ ಸರಿಹೋಯಿತು ಎಂದುಕೊಂಡೆ. ಇನ್ನು ಮೊಳೆಯ ವಿಷಯಕ್ಕೆ ಚೆನ್ನಾಗಿ ಉಗಿಸಿಕೊಂಡರಾಯಿತು, ಎಷ್ಟು ಬೈದರೂ ಬೈಯಲಿ. ಮಾವ ಮುಖ ಒರೆಸಿಕೊಂಡು ಕೇಳಿದರು.

“ನಿನಗೆ ಯಾವತ್ತು ಗೊತ್ತಾಯ್ತು?”

“ಒಡೆದದ್ದು ನೋಡೋಕೆ ಮೇಲೆ ಹತ್ತಿದ ದಿನ.”

“ಅವತ್ತೇ?”

“ಅವತ್ತೇ.”

ಅವರು ಬೆರಳು ಮಡಿಸಿ ಎಣಿಸತೊಡಗಿದರು. ಡಾಕ್ಟರ ಹತ್ತಿರ ಹೋದದ್ದು, ಮನೆಮನೆ ತಿರುಗಿದ್ದು, ಗ್ರಂಥಾಲಯದವರು ಬಂದದ್ದು. ಒಂದೊಂದನ್ನೂ ಮೆಲ್ಲಗೆ ಬಾಯಲ್ಲಿ ಹೇಳಿಕೊಂಡು ಎಣಿಸಿದರು. ಹೆಂಡತಿ ನನ್ನ ಮುಖ ನೋಡುವುದನ್ನು ಬಿಟ್ಟಳು.

“ಹತ್ತೊಂಬತ್ತು ದಿನ,” ಎಂದರು ಮಾವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಬಿಗಿ ಹೊಡೆದದ್ದು ದೊಡ್ಡ ವಿಷಯ ಅಲ್ಲ. ಮೊದಲ ವರ್ಷ ನಾನೂ ಬಿಗಿಯಾಗೇ ಹೊಡೆದಿದ್ದೆ. ಗೊತ್ತಾದ ಸಂಜೆಯೇ ನಮ್ಮಪ್ಪನ ಹತ್ತಿರ ಹೋಗಿ ಹೇಳಿದೆ, ಎರಡು ಬಿಟ್ರು, ಕಲಿಸಿದ್ರು. ಮೊಳೆ ಹೊಡೆಯೋದು ನಾನೂ ಕಲಿಸ್ತೀನಿ. ಇದನ್ನ ಹೇಗೆ ಕಲಿಸ್ಬೇಕು ಅಂತ ನನಗೆ ಗೊತ್ತಿಲ್ಲ.”

ಎದ್ದು ಒಳಗೆ ಹೋದರು. ಹೆಂಡತಿಯೂ ಹೋದಳು.

ಮಾರನೆಯ ದಿನ ಬೆಳಿಗ್ಗೆ ನಾನೇ ನರ್ಸಮ್ಮನಿಗೆ ಎಲ್ಲ ಹೇಳಿದೆ. ಐದನೆಯ ಸಾಲಿನಿಂದ ನೆತ್ತಿಯವರೆಗೆ ಎರಡೂ ಕಡೆ ಬಿಚ್ಚಿ ಮತ್ತೆ ಹೊದಿಸಬೇಕು. ಮಾವ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಮಣೆ ಹಿಡಿದುಕೊಂಡು ಬಂದರು. ಬಿಚ್ಚುವುದಕ್ಕೆ ನನಗೆ ಎಂಟು ದಿನ ಹಿಡಿಯಿತು. ಇಳಿಸಿದ ಕಲ್ಲುಗಳನ್ನೆಲ್ಲ ಅವರು ಮತ್ತೆ ಕುಟ್ಟಿ ಬಲಕ್ಕೂ ಎಡಕ್ಕೂ ಹಾಕಿದರು. ಹೇಳಿದ ಮಾತಿನಂತೆ ಮೊಳೆ ಹೊಡೆಯುವುದನ್ನೂ ಕಲಿಸಿದರು, ನೆಲದ ಮೇಲೆ ರೀಪಿನ ತುಂಡಿಟ್ಟು, ನನ್ನ ಮುಂಗೈ ಹಿಡಿದು, ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸಿದ ಹಾಗೆ. ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಒಂಬತ್ತನೆಯ ದಿನ ಹೊಸದಾಗಿ ಹೊದಿಸಲು ಮೇಲೆ ಹತ್ತಿ ಕೂತಾಗ ಮಾವ ಕೆಳಗಿನಿಂದ ಕೇಳಿದರು: “ಕೆಳಗಿನ ನಾಲ್ಕು ಸಾಲಲ್ಲಿ ಬಿರುಕಿರೋದು ಏನಾದ್ರೂ ಇದೆಯಾ?”

ಹಿಂದಿನ ಸಂಜೆಯಷ್ಟೇ ಎಲ್ಲವನ್ನೂ ಮುಟ್ಟಿ ನೋಡಿದ್ದೆ. “ಇಲ್ಲ ಮಾವ, ಒಂದೂ ಇಲ್ಲ,” ಎಂದೆ.

ಅವರು ಮಣೆಯಿಂದ ಎದ್ದರು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ, ಏಣಿಯ ಮೊದಲ ಮೆಟ್ಟಿಲ ಮೇಲೆ ಎಡಗಾಲಿಟ್ಟು, ಬಲಗಾಲನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟುಕೊಂಡರು.

“ಬೇಡ ಮಾವ, ಕಾಲು! ನಾನು ನೋಡಿದ್ದೀನಿ, ಒಂದೂ ಇಲ್ಲ.”

“ಇರ್ಲಿ,” ಎಂದರು. “ನಾನೇ ನೋಡ್ತೀನಿ.”

ಎಡಗಾಲು, ಆಮೇಲೆ ಕೈಯಿಂದ ಎತ್ತಿದ ಬಲಗಾಲು. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾಲ್ಕನೆಯ ಮೆಟ್ಟಿಲಿಗೆ ಮುಖ ಬಿಳುಚಿಕೊಂಡಿತು, ನಿಲ್ಲಲಿಲ್ಲ. ನಾನು ಸುತ್ತಿಗೆ ಕೆಳಗಿಟ್ಟು, ಬೋರಲು ಮಲಗಿ, ಏಣಿಯ ಎರಡೂ ತುದಿಗಳನ್ನು ಅವರು ಮೇಲೆ ಮುಟ್ಟುವವರೆಗೂ ಹಿಡಿದುಕೊಂಡಿದ್ದೆ.